ಗಡಿ ದಾಟಿದರೆ ಸಿಗದ ಫೋನು

ನಾನೊಂದು ಮೊಬೈಲು. ಈಗ ಸಿದ್ಧನ ಮಠದ ಗೋಡೆಗೂಡಿನಲ್ಲಿ, ಬತ್ತಿಯ ಡಬ್ಬಿಯ ಪಕ್ಕದಲ್ಲಿ ಮಲಗಿದ್ದೇನೆ. ಓಡಿ ಓಡಿ ಸಾಕಾಗಿದೆ. ಓಡಿದ್ದು ನೀನಲ್ಲ, ನಿನ್ನನ್ನು ಇಟ್ಟುಕೊಂಡವನು ಎಂದು ನೀವು ಹೇಳಬಹುದು. ಓಡುವವನ ಜೇಬಿನಲ್ಲಿ ಕುಳಿತವನಿಗೂ ದಣಿವಾಗುತ್ತದೆ.

ನಾನು ಹುಟ್ಟಿದ್ದು ತಮಿಳುನಾಡಿನ ಒಂದು ಕಾರ್ಖಾನೆಯಲ್ಲಿ. ತಲೆಗೆ ಬಿಳಿ ಟೊಪ್ಪಿಗೆ ಹಾಕಿದ್ದ ಒಬ್ಬ ಹುಡುಗಿ ನನಗೆ ಕಿವಿ ಕೂಡಿಸಿದಳು, ಬಾಯಿ ಕೂಡಿಸಿದಳು, ಆಮೇಲೆ ಹತ್ತಿರ ಹಿಡಿದು "ಹಲೋ, ಹಲೋ" ಎಂದಳು. ನಾನು ಕೇಳಿದ ಮೊದಲ ಮಾತು ಅದು. ಆಕೆಯ ಮುಖ ಸರಿಯಾಗಿ ನೋಡುವುದರೊಳಗೆ ಪೆಟ್ಟಿಗೆಯ ಮುಚ್ಚಳ ಬಿತ್ತು. ಲಾರಿಯ ಕತ್ತಲಲ್ಲಿ ಎಷ್ಟು ದೂರ ಬಂದೆನೋ ಗೊತ್ತಿಲ್ಲ. ಮುಚ್ಚಳ ತೆಗೆದಾಗ ಅಥಣಿಯ ಒಂದು ಅಂಗಡಿಯಲ್ಲಿದ್ದೆ. ಎದುರಿಗೆ ಮೀಸೆಯ ಗಂಡಸೊಬ್ಬ ನಿಂತಿದ್ದ. ಕೊರಳಲ್ಲಿ ಟವೆಲು, ಕೈಯಲ್ಲಿ ಗಾಡಿಯ ಕೀಲಿ. ಹೆಸರು ಮಲಕಾರಿ ಪೂಜಾರಿ. ಕ್ರೂಸರ್ ಗಾಡಿ ಇಟ್ಟುಕೊಂಡು ಅಥಣಿಯ ಕಡೆಯ ರೋಗಿಗಳನ್ನು ದಿನಾಲೂ ರಾಜ್ಯದ ಗಡಿಯಾಚೆಯ ಮಿರಜಿಯ ದವಾಖಾನೆಗಳಿಗೆ ಒಯ್ದು ತರುವವನು.

"ಗಡಿ ದಾಟಿದ ಮ್ಯಾಲ ಇದು ಬಾಯಿ ತಗೀಬಾರದ ನೋಡ್ರಿ," ಎಂದ ಮಲಕಾರಿ. "ಆ ಕಡಿ ಹೋದ್ರ ಬರೂ ಫೋನಿಗೂ ರೊಕ್ಕ ಕೀಳತಾರ."

ಆ ಕಾಲದಲ್ಲಿ ಹಾಗಿತ್ತು. ರಾಜ್ಯದ ಗಡಿ ದಾಟಿದ ಫೋನು ಪರರ ಮನೆಯಲ್ಲಿ ಉಂಡ ಹಾಗೆ. ಪ್ರತಿ ತುತ್ತಿಗೂ ಬೆಲೆ. ಅಂಗಡಿಯವನು ನಗುತ್ತ ನನ್ನ ಹೊಟ್ಟೆಯೊಳಗೆಲ್ಲೋ ಬೆರಳಾಡಿಸಿದ. ಯಾವ ಕಡೆಯ ಟವರು ಹಿಡಿಯಬೇಕೆಂದು ನಾನೇ ಹುಡುಕಿಕೊಳ್ಳುವ ಒಂದು ಹಕ್ಕು ನನಗಿತ್ತು. ಅದನ್ನು ತೆಗೆದು, ಈ ಕಡೆಯ ಟವರುಗಳಿಗೇ ಗಂಟು ಹಾಕಿದ.

"ಇನ್ನ ಇದು ಮನಿ ಬಿಟ್ಟು ಹೊರಗ ಮಾರಿ ನೋಡಂಗಿಲ್ಲ ಬಿಡ್ರಿ. ಬಂಗಾರದಂಥಾ ಸೊಸಿ."

ಇಬ್ಬರೂ ನಕ್ಕರು. ಆ ಗಂಟು ಬಹಳ ವರ್ಷ ಹಾಗೇ ಉಳಿಯಿತು.

ನಮ್ಮ ಜಾತಿಯ ಕೆಲಸ ಎಂಥದೆಂದು ಸ್ವಲ್ಪ ಹೇಳಬೇಕು. ಒಂದು ಟವರಿನ ದನಿ ಸ್ವಲ್ಪ ದೂರ ಮಾತ್ರ ಬರುತ್ತದೆ. ಗಾಡಿ ಮುಂದೆ ಹೋದಂತೆ ಅದು ಸಣ್ಣಗಾಗುತ್ತದೆ. ಅಷ್ಟರೊಳಗೆ ನಾನು ಮುಂದಿನ ಟವರಿನ ದನಿಗೆ ಕಿವಿ ಕೊಟ್ಟಿರಬೇಕು. 'ಅದು ಈಗ ನಿನಗಿಂತ ಚೆನ್ನಾಗಿ ಕೇಳುತ್ತಿದೆ' ಎಂದು ಹಿಂದಿನದಕ್ಕೆ ತಿಳಿಸಬೇಕು. ಆಗ ಅವೆರಡೂ ತಮ್ಮತಮ್ಮಲ್ಲೇ ಮಾತಾಡಿಕೊಂಡು ನನ್ನನ್ನು ದಾಟಿಸುತ್ತವೆ. ಮಲಗಿದ ಕೂಸನ್ನು ಒಬ್ಬಳ ಹೆಗಲಿನಿಂದ ಇನ್ನೊಬ್ಬಳ ಹೆಗಲಿಗೆ ಬದಲಿಸಿದ ಹಾಗೆ. ಕೂಸಿಗೆ ಎಚ್ಚರವಾಗಬಾರದು. ಮಾತಾಡುವವರಿಗೆ ಗೊತ್ತಾಗಬಾರದು. ದ್ರಾಕ್ಷಿ ತೋಟ, ಕಬ್ಬಿನ ಗದ್ದೆ, ಸಕ್ಕರೆ ಕಾರ್ಖಾನೆಯ ಹೊಗೆ, ಇವುಗಳ ನಡುವೆ ಎಷ್ಟು ಹೆಗಲು ಬದಲಿಸಿದ್ದೇನೋ. ಒಬ್ಬರಾದರೂ ಎಚ್ಚರಗೊಂಡು 'ಯಾರು ದಾಟಿಸಿದರು' ಎಂದು ಕೇಳಿದ್ದಿಲ್ಲ. ಕೇಳಬಾರದು ಎಂಬುದೇ ಈ ಕೆಲಸದ ಲಕ್ಷಣ.

ಕಾಗವಾಡ ಹಿಂದೆ ಬಿದ್ದು ಗಡಿಕಲ್ಲು ಬಂದೊಡನೆ ಮಾತ್ರ ಎಲ್ಲ ನಿಲ್ಲುತ್ತಿತ್ತು. ನನಗೆ ಕೇಳಿಸುತ್ತಿರಲಿಲ್ಲವೆಂದಲ್ಲ. ಆ ಕಡೆಯ ಟವರು ಗಟ್ಟಿಯಾಗಿ, ಪ್ರೀತಿಯಿಂದಲೇ ಕರೆಯುತ್ತಿತ್ತು. ಓಗೊಡಲು ಅಪ್ಪಣೆಯಿರಲಿಲ್ಲ. ನನ್ನ ಮುಖದ ಮೇಲೆ 'ತುರ್ತು ಕರೆಗಳು ಮಾತ್ರ' ಎಂದು ಬರೆದುಕೊಂಡು, ಹಿಂದೆ ಉಳಿದ ಮನೆಯ ಟವರನ್ನು ಹುಡುಕಿ ಹುಡುಕಿ ಮೈ ಬಿಸಿ ಮಾಡಿಕೊಂಡು ಕೂರುತ್ತಿದ್ದೆ. ಸಂಜೆ ತಿರುಗಿ ಗಡಿಯೊಳಗೆ ಬರುವಾಗ ನನ್ನಲ್ಲಿ ಜೀವವೇ ಇರುತ್ತಿರಲಿಲ್ಲ.

ಮುಂದೆ ಆ ಗಡಿಯ ದರ ಹೋಯಿತು. ದೇಶದಲ್ಲೆಲ್ಲ ಒಂದೇ ಎಂದಾಯಿತು. ನನ್ನ ಹೊಟ್ಟೆಯ ಗಂಟು ಮಲಕಾರಿಗೆ ಮರೆತೇ ಹೋಗಿತ್ತು. ಹಿಂದಿನ ಸೀಟಿನಲ್ಲಿ ಮಂದಿಯ ಫೋನುಗಳೆಲ್ಲ ಮಿರಜಿಯಲ್ಲೂ ಗಣಗಣ ಎನ್ನುವಾಗ ಯಾರಾದರೂ ಕೇಳುತ್ತಿದ್ದರು: "ಯಾಕೋ ಮಲಕಾರಿ, ನಿಂದ್ಯಾಕ ಹತ್ತಂಗಿಲ್ಲ?"

"ನಂದು ಅಚ್ಚಗನ್ನಡದ ಫೋನ್ರೀ. ಮರಾಠಿ ಬರಂಗಿಲ್ಲ ಅದಕ್ಕ."

ನಗೆಯಲ್ಲಿ ಮಾತು ಮುಗಿಯುತ್ತಿತ್ತು. ಅವನು ರಿಪೇರಿ ಮಾಡಿಸಲಿಲ್ಲ. ನನಗೊಂದು ಸಂಶಯವಿದೆ: ದಿನವೆಲ್ಲ 'ಎಲ್ಲಿದ್ದೀ, ಎಷ್ಟೊತ್ತಿಗಿ ಬರ್ತಿ' ಎಂದು ಕರೆಯುವ ಲೋಕದಿಂದ ಗಡಿಯಾಚೆ ಅವನಿಗೆ ಸ್ವಲ್ಪ ಬಿಡುವು ಸಿಗುತ್ತಿತ್ತು. ದವಾಖಾನೆಯ ಗೇಟಿನೆದುರು ಗಾಡಿಯ ನೆರಳಿನಲ್ಲಿ ಅವನು ಟವೆಲು ಮುಖಕ್ಕೆ ಹಾಕಿಕೊಂಡು ಮಲಗುತ್ತಿದ್ದ. ನಾನು ಅವನ ಎದೆಯ ಜೇಬಿನಲ್ಲಿ ಬಿಸಿಯಾಗುತ್ತಿದ್ದೆ. ನಿದ್ದೆಯಲ್ಲಿ ಅವನು ಒಮ್ಮೊಮ್ಮೆ ಏನೋ ಗುನುಗುತ್ತಿದ್ದ. ಅದು ಪುರಾಣದ ಧಾಟಿ.

ಆ ಧಾಟಿ ಅವನ ಅಕ್ಕನದು. ಸೋನವ್ವ. ಗಂಡ ತೀರಿದ ಮೇಲೆ ತವರಿಗೆ ಬಂದವಳು, ತಾಯಿ ಹೋದ ಮೇಲೆ ತಮ್ಮನನ್ನು ಸಾಕಿದವಳು. ಊರಿನ ಸಿದ್ಧನ ಮಠದಲ್ಲಿ ಪ್ರತಿ ಶ್ರಾವಣ ಸಿದ್ಧನ ಪುರಾಣ ಓದುವವಳು ಅವಳೇ. ಓದುವುದೆಂದರೆ ಹಾಡುವುದು. ದನಿ ದೊಡ್ಡದಲ್ಲ, ಸಣ್ಣ ತೊರೆಯ ಹಾಗೆ ನಿಲ್ಲದೆ ಹರಿಯುವಂಥದು. ಆ ಮಠದಲ್ಲಿ ಒಂದು ಪದ್ಧತಿಯಿದೆ. ಓದುವವರು ಒಂದು ನುಡಿ ಹಾಡಿ ನಿಲ್ಲಬೇಕು. ಇನ್ನೊಬ್ಬರು ಅದರ ಅರ್ಥ ಹೇಳಬೇಕು. ಅರ್ಥ ಬರುವ ತನಕ ಮುಂದಿನ ನುಡಿ ಇಲ್ಲ. ಮಳೆ ಬರಲಿ, ದೀಪ ಆರಲಿ, ಓದುವವರು ಪುಟದ ಮೇಲೆ ಬೆರಳಿಟ್ಟು ಕಾಯಬೇಕು. ಕೇಳದ ಪುರಾಣ ಪುರಾಣವಲ್ಲ ಎಂದು ಅವರ ನಂಬಿಕೆ. ಅರ್ಥ ಹೇಳಿದರೇ ಕೇಳಿದ ಗುರುತು.

ಗಾಡಿ ಕೊಳ್ಳುವ ತನಕ ಅಕ್ಕನ ಎದುರು ಮಣೆಯ ಮೇಲೆ ಕುಳಿತು ಅರ್ಥ ಹೇಳುತ್ತಿದ್ದವನು ಮಲಕಾರಿ. ಗಾಡಿ ಬಂದ ಮೇಲೆ ಸಂಜೆಗಳು ಅವನವಾಗಿ ಉಳಿಯಲಿಲ್ಲ. ನಿವೃತ್ತರಾದ ಬಸಗೌಡ ಮಾಸ್ತರು ಆ ಮಣೆಯ ಮೇಲೆ ಕುಳಿತರು. ಸೋನವ್ವ ಏನೂ ಅನ್ನಲಿಲ್ಲ. ಒಮ್ಮೆ ಮಾತ್ರ, ನನ್ನನ್ನು ಅಡಿಗೆಮನೆಯ ಕಟ್ಟೆಯ ಮೇಲೆ ಚಾರ್ಜಿಗೆ ಹಚ್ಚಿದ್ದಾಗ, ಮಲಕಾರಿಯ ಹೆಂಡತಿ ಕಸ್ತೂರಿಗೆ ಹೇಳಿದ್ದು ಕೇಳಿದೆ.

"ಮಾಸ್ತರ ಅರ್ಥ ಚಲೋನ ಹೇಳತಾರ. ಆದ್ರ ನಾ ಹಾಡೂದು ಒಂದ ಊರಾಗ, ಅವರು ಅರ್ಥ ಹೇಳೂದು ಇನ್ನೊಂದ ಊರಾಗ ಅನಸತೈತಿ."

"ನಿಮ್ಮ ತಮ್ಮಗ ಹೇಳ್ರಿ ಮತ್ತ," ಎಂದಳು ಕಸ್ತೂರಿ.

"ಹೇಳಿ ಕರಿಯೂದಲ್ಲ ಅದು."

ಒಂದು ಶ್ರಾವಣ ಸೋನವ್ವನ ಕಾಲು ಬಾತವು. ಉಸಿರು ಸಿಗದಾಯಿತು. ಗೋಡೆಗೆ ಒರಗಿಯೇ ನಿದ್ದೆ. ಅಥಣಿಯ ಡಾಕ್ಟರು, ಹೃದಯ ಸೋತಿದೆ, ತಡಮಾಡದೆ ಮಿರಜಿಗೆ ಒಯ್ಯಿರಿ ಎಂದರು. ಸೋನವ್ವ ಒಪ್ಪಲಿಲ್ಲ. ಮಾರನೆಯ ಮಧ್ಯಾಹ್ನ ಪುರಾಣದ ಮಂಗಳ. ಕಡೆಯ ಅಧ್ಯಾಯ ಉಳಿದಿತ್ತು.

"ಮಂಗಳ ಮುಗೀಲಿ. ಆಮ್ಯಾಲ ಎಲ್ಲಿಗಾರ ಒಯ್ಯಿ."

"ಅಕ್ಕಾ, ಮೊದಲ ನೀ ಉಳೀಬೇಕಲ್ಲ!"

"ನಾ ಉಳದು ಪುರಾಣ ಅರ್ಧಕ್ಕ ನಿಂತ್ರ, ಉಳದು ಏನ್ ಮಾಡ್ಲಿ?"

ರಾತ್ರಿಯೆಲ್ಲ ಹಟ ನಡೆಯಿತು. ಬೆಳಗಾದ ಮೇಲೆ ದಾರಿ ಹುಡುಕಿದವಳು ಕಸ್ತೂರಿ. ಅವಳ ಫೋನಿನ ದನಿ ದೊಡ್ಡದು, ಅದನ್ನು ಮಠದಲ್ಲಿ ಮಾಸ್ತರರ ಹತ್ತಿರ ಮೈಕಿನ ಮುಂದೆ ಇಡುವುದು. ಸೋನವ್ವ ಗಾಡಿಯಲ್ಲಿ ಕುಳಿತು ನನ್ನಲ್ಲಿ ಹಾಡುವುದು. ಮಾಸ್ತರು ಅಲ್ಲಿಂದಲೇ ಅರ್ಥ ಹೇಳುವುದು. ಮಂದಿ ಮಠದಲ್ಲಿ ಕುಳಿತು ಕೇಳುವುದು. ಸೋನವ್ವ ಬಹಳ ಹೊತ್ತು ಯೋಚಿಸಿ, "ದನಿ ನಡಕ ಹರಿಬಾರದ ನೋಡು" ಎಂದಳು. ಮಲಕಾರಿ ನನ್ನನ್ನು ನೋಡಿದ. ಗಡಿ ಅವನ ಮನಸ್ಸಿಗೆ ಬಂದಿತ್ತು. ಹೇಳಲಿಲ್ಲ. ಗಡಿಯೊಳಗೇ ಮುಗಿಯುತ್ತದೆ ಎಂದು ಅಂದಾಜು ಹಾಕಿದ.

ಹೀಗೆ ಹೊರಟೆವು. ಮುಂದೆ ಮಲಕಾರಿ, ಪಕ್ಕದಲ್ಲಿ ದಿಂಬಿಗೆ ಒರಗಿ ಸೋನವ್ವ, ಮಡಿಲಲ್ಲಿ ಕೆಂಪು ಬಟ್ಟೆಯ ಮೇಲೆ ಪುರಾಣ. ಹಿಂದೆ ಕಸ್ತೂರಿ. ಅವಳ ಪಕ್ಕದಲ್ಲಿ ಕಣ್ಣಿನ ಪೊರೆ ತೆಗೆಸಿ ಪಟ್ಟಿ ಬಿಚ್ಚಿಸಲು ಹೊರಟಿದ್ದ ದಾದೂ ಕಾಕಾ. ಅವನ ಹತ್ತಿರ ಫೋನಿಲ್ಲ, ಒಂದು ಕಣ್ಣಿಗೆ ಪಟ್ಟಿ. ಬಾಯಿ ಮಾತ್ರ ಎಲ್ಲರಿಗೂ ಆಗುವಷ್ಟಿತ್ತು.

"ಸೋನವ್ವಾ, ಮಠದಾಗ ಕುಂತ್ರ ನನಗ ನಿದ್ದಿ ಬರತಿತ್ತು. ಇವತ್ತ ಗಾಡಿ ಕುಲುಕಾಟಕ್ಕ ಪೂರಾ ಕೇಳತೀನಿ ನೋಡು."

"ಕಾಕಾ, ಸುಮ್ಮ ಕುಂದರ್ರಿ," ಎಂದಳು ಕಸ್ತೂರಿ.

ನನ್ನ ಆಯುಷ್ಯದಲ್ಲಿ ಅಷ್ಟು ಎಚ್ಚರದಿಂದ ನಾನು ಹೆಗಲು ಬದಲಿಸಿದ್ದಿಲ್ಲ. ಸೋನವ್ವ ಹಾಡುವಳು, ಉಸಿರು ತುಂಡಾಗುವುದು, ಆ ತುಂಡಿನ ನಡುವೆಯೇ ನಾನು ಒಂದು ಟವರಿನಿಂದ ಇನ್ನೊಂದಕ್ಕೆ ದಾಟುತ್ತಿದ್ದೆ, ಹಾಡಿಗೆ ತಾಗದಂತೆ. ಅತ್ತ ಕಡೆಯಿಂದ ಮಾಸ್ತರರ ಅರ್ಥ, ಅದರ ಹಿಂದೆ ಹೆಂಗಸರ ಬಳೆಯ ಸಪ್ಪಳ, ಯಾರದೋ ಕೂಸಿನ ಅಳು ಬರುತ್ತಿದ್ದವು. ಆಮೇಲೆ ಮತ್ತೊಂದು ನುಡಿ. ಉಸಿರಿಗಾಗಿ ಅವಳು ನಿಲ್ಲುವುದು ಹೆಚ್ಚಾಯಿತು. ಮಲಕಾರಿ ಹಾಕಿದ್ದ ಅಂದಾಜು ತಪ್ಪಿತು. ಕಾಗವಾಡದ ಅಂಗಡಿ ಸಾಲು ಮುಗಿದಾಗ ಪುಸ್ತಕದಲ್ಲಿ ಇನ್ನೂ ನಾಲ್ಕೈದು ನುಡಿ ಉಳಿದಿದ್ದವು.

ಗಾಡಿ ನಿಧಾನವಾದದ್ದು ಸೋನವ್ವನಿಗೆ ತಿಳಿಯಿತು. ತಮ್ಮನ ಮುಖ ನೋಡಿದಳು.

"ಗಡಿ ಬಂತೇನೋ?"

"ಹೂಂ."

"ದಾಟಿದ್ರ ನಿನ್ನ ಫೋನ್ ಸಾಯತೈತಿ."

"ಹೂಂ."

"ನಿಲ್ಲಸು. ಈ ಗಿಡದ ನೆರಳಾಗ ನಿಲ್ಲಸು. ಮುಗಿಸೇ ಹೋಗೂಣು."

ಗಾಡಿ ನಿಂತಿತು. ಸೋನವ್ವ ಹಾಡಲು ಬಾಯಿ ತೆರೆದಳು. ದನಿ ಬರಲಿಲ್ಲ. ಎದೆ ಮಾತ್ರ ಏರಿ ಇಳಿಯಿತು. ತುಟಿ ನೀಲಿಯಾಗಿತ್ತು. ಅತ್ತ ಮಠದಲ್ಲಿ ಎಲ್ಲರೂ ಸುಮ್ಮನೆ ಕಾಯುತ್ತಿರುವುದು ನನಗೆ ಕೇಳಿಸುತ್ತಿತ್ತು.

"ಇಂವಾ ಏನ ನೋಡ್ಕೋತ ಕುಂತಾನ!" ದಾದೂ ಕಾಕಾನ ದನಿಯಲ್ಲಿ ಈಗ ತಮಾಷೆ ಇರಲಿಲ್ಲ. "ಮಲಕಾರಿ, ದೇವರಿಗಿ ಸಿಟ್ಟ ಬಂದ್ರ ನನ್ನ ಹೆಸರ ಹೇಳು. ಹೊಡಿ ಗಾಡಿ."

ಮಲಕಾರಿ ಸ್ಟೇರಿಂಗಿಗೆ ಹಣೆ ಹಚ್ಚಿದ. "ಸಿದ್ಧಪ್ಪಾ" ಎಂದ, ಅಷ್ಟೇ. ಗಾಡಿ ಹೊರಟಿತು. ಸೋನವ್ವ ತಮ್ಮನ ತೋಳು ಹಿಡಿದಳು, ತಡೆಯಲು. ಹಿಡಿತದಲ್ಲಿ ಬಲವಿರಲಿಲ್ಲ. ಉಳಿದ ಉಸಿರನ್ನೆಲ್ಲ ಕೂಡಿಸಿ, ಗಡಿಕಲ್ಲು ಬರುವುದರೊಳಗೆ ಒಂದು ನುಡಿಯಾದರೂ ಆಗಲಿ ಎಂದು ಹಾಡಿದಳು:

ಈ ದಂಡೆ ಬಿಡುವ ಮೊದಲಾ ದಂಡೆ ಹಿಡಿಯೆಂದು
ಗುರು ನುಡಿದನಯ್ಯ, ಸಿದ್ಧ ನಸುನಕ್ಕ;
ಎರಡು ದಂಡೆಯ ಬಿಟ್ಟ ನಡುನೀರ ಹೊತ್ತಿನಲಿ
ಹಿಡಿವ ಕೈ ಯಾವುದು, ಅದನೆ ಹುಡುಕಿದನು.

ಮಾಸ್ತರು ಅರ್ಥಕ್ಕೆಂದು ಕೆಮ್ಮಿದ್ದು ಕೇಳಿಸಿತು. ಅಲ್ಲಿಗೆ ನನ್ನ ಕೈ ಜಾರಿತು. ಮನೆಯ ಟವರು ಹಿಂದೆ ಸರಿಯಿತು. ಮುಂದಿನ ಟವರು 'ಬಾ' ಎಂದು ಕೂಗುತ್ತಿತ್ತು, ಹತ್ತಿರವೇ ನಿಂತು ಕೂಗುತ್ತಿತ್ತು. ಮತ್ತೊಮ್ಮೆ ಕರೆ ಹಚ್ಚಿದರೆ ಅದರ ಹೆಗಲೇರಿ ಮಠ ತಲುಪಬಹುದಿತ್ತು. ಗಂಟು ಬಿಡಲಿಲ್ಲ. ತುರ್ತು ಕರೆಗಳು ಮಾತ್ರ ಎಂದು ಮುಖದ ಮೇಲೆ ಬರೆದುಕೊಂಡೆ. ಇದಕ್ಕಿಂತ ತುರ್ತು ಯಾವುದು ಎಂದು ಕೇಳುವ ಬಾಯಿ ನನಗಿರಲಿಲ್ಲ.

"ಹೋತಾ?" ಎಂದಳು ಸೋನವ್ವ.

"ಹೋತು, ಅಕ್ಕಾ."

ಅವಳು ಸಿಟ್ಟಾಗಲಿಲ್ಲ. ಪುಟದ ಮೇಲೆ ಬೆರಳಿಟ್ಟಳು. ಅರ್ಥ ಬರುವ ತನಕ ಮುಂದಿನ ನುಡಿ ಇಲ್ಲ. ಬೆರಳು ಹಾಗೇ ಇತ್ತು. ಕಣ್ಣು ರಸ್ತೆಯ ಮೇಲಿತ್ತು. ಕಬ್ಬಿನ ಟ್ರ್ಯಾಕ್ಟರೊಂದು ಎದುರು ಬಂದು ಹೋಯಿತು. ಫಲಕಗಳ ಮೇಲೆ ಮರಾಠಿ ಬಂತು. ಹಿಂದೆ ಕಸ್ತೂರಿ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು.

ಆಗ ಮಲಕಾರಿ ಕೆಮ್ಮಿದ. ಅರ್ಥ ಹೇಳುವವರು ಕೆಮ್ಮುವ ಹಾಗೆ.

"ಗುರು ಏನ ಹೇಳತಾನಂದ್ರ..." ಎಂದು ಪುರಾಣದ ದನಿಯಲ್ಲೇ ಶುರು ಮಾಡಿದ. ಆ ಧಾಟಿ ಉಳಿಯಲಿಲ್ಲ, ಮನೆಯ ಮಾತಾಯಿತು. "ದಂಡಿ ಬಿಡೂ ಮುಂದ ಇನ್ನೊಂದು ದಂಡಿ ಹಿಡಕೋ ಅಂತಾನ. ಶಾಣ್ಯಾನ ಮಾತು ಅದು. ಆದ್ರ ನಡುನೀರಾಗ ಎರಡೂ ಇರಂಗಿಲ್ಲ. ಅವ್ವ ಹೋದ ಮರುದಿನ ನಾ ಬಾವಿ ಕಟ್ಟಿಮ್ಯಾಲ ಕುಂತಿದ್ದೆ. ಹಿಂದಿಂದ ಬಂದು ಒಂದು ಕೈ ನನ್ನ ಅಂಗಿ ಹಿಡೀತು. ಮಾತಿಲ್ಲ ಕತಿಯಿಲ್ಲ, ಹಿಡದ ನಿಂತಿತ್ತು. ಸಿದ್ಧ ಹುಡಿಕಿದ್ದು ಆ ಕೈ. ನನಗ ಹುಡುಕೂ ಕೆಲಸಾನ ಬೀಳಲಿಲ್ಲ ನೋಡು ಅಕ್ಕಾ."

ಸೋನವ್ವನ ಬೆರಳು ಮುಂದಿನ ನುಡಿಗೆ ಸರಿಯಿತು. ಈಗ ಅವಳು ಹಾಡಲಿಲ್ಲ, ಪಿಸುದನಿಯಲ್ಲಿ ಹೇಳಿದಳು. ನಿಂತಳು. ಮಲಕಾರಿ ಅರ್ಥ ಹೇಳಿದ. ಹೀಗೆ ದವಾಖಾನೆಯ ಗೇಟು ಬರುವ ಹೊತ್ತಿಗೆ ಮಂಗಳದ ನುಡಿಯೂ ಆಯಿತು. ಗಂಟೆ ಇರಲಿಲ್ಲ. ದಾದೂ ಕಾಕಾ ತನ್ನ ಊಟದ ಡಬ್ಬಿಯ ಮುಚ್ಚಳವನ್ನು ಕೀಲಿಯಿಂದ ಬಡಿದ. ಆಮೇಲೆ ಗಾಲಿಕುರ್ಚಿ ಬಂತು, ಸೋನವ್ವನನ್ನು ಒಳಗೆ ಒಯ್ದರು.

ಎಷ್ಟೋ ಹೊತ್ತಿನ ಮೇಲೆ, ಅಕ್ಕನ ಉಸಿರು ಹತೋಟಿಗೆ ಬಂತೆಂದು ತಿಳಿದಾಗ, ಮಲಕಾರಿ ಗೇಟಿನ ಎದುರಿನ ಔಷಧಿ ಅಂಗಡಿಗೆ ಬಂದ. ನನ್ನಲ್ಲಿದ್ದ ನಂಬರು ನೋಡಿ ಅಂಗಡಿಯವರ ಫೋನಿನಿಂದ ಮಠಕ್ಕೆ ಹಚ್ಚಿದ. ಮಾಸ್ತರು ಎತ್ತಿದರು.

"ಹೆಂಗದಾಳೋ?"

"ಅಡ್ಡಿಯಿಲ್ರಿ. ನೀವೆಲ್ಲಾ ಮನಿಗಿ ಹೋದ್ರಿ?"

"ಯಾರ್ ಹೋಗತಾರ? ಎಲ್ಲಾರೂ ಕುಂತಾರ. ನುಡಿ ಕೇಳೇತಿ, ಅರ್ಥ ಹೇಳಾಂವ ನಾನ ಉಳದೀನಿ. ಹೇಳಿ ಏನ್ ಮಾಡ್ಲಿ, ಆಕಿ ಕೇಳಂಗಿಲ್ಲಲ್ಲ."

"ಮಂಗಳ ಆತ್ರಿ ಸರ. ಗಾಡ್ಯಾಗ ಆತು."

"ಅರ್ಥ ಯಾರ ಹೇಳಿದ್ರು?"

ಮಲಕಾರಿ ದವಾಖಾನೆಯ ಗೇಟಿನ ಕಡೆ ನೋಡಿದ. "ನಾನ ಹೇಳಿನ್ರಿ."

ಅತ್ತ ಕಡೆ ಮಾಸ್ತರು ಏನನ್ನೋ ಗಟ್ಟಿಯಾಗಿ ಸಾರಿದರು. ಆಮೇಲೆ ಮಠದ ಗಂಟೆ ಬಾರಿಸಿತು. ಇನ್ನೊಬ್ಬರ ಫೋನಿನಿಂದ ಆ ಗಂಟೆ ನನಗೂ ಕೇಳಿಸಿತು.

ಮುಂದಿನ ಶ್ರಾವಣ ಮಲಕಾರಿ ಸಂಜೆಯ ಬಾಡಿಗೆ ಹಿಡಿಯಲಿಲ್ಲ. ಗಾಡಿ ಮಠದ ಮುಂದೆ ನಿಲ್ಲುತ್ತಿತ್ತು. ಮಾಸ್ತರು ನಗುತ್ತಲೇ ಮಣೆ ಬಿಟ್ಟುಕೊಟ್ಟರು. ಸೋನವ್ವ ಮೆಲ್ಲಗೆ, ನಿಂತು ನಿಂತು ಓದುತ್ತಿದ್ದಳು. ಮಲಕಾರಿ ನನ್ನನ್ನು ಬಂದ್ ಮಾಡಿ ಜೇಬಿನಲ್ಲಿ ಇಡುತ್ತಿದ್ದ. ಹುಟ್ಟಿದಂದಿನಿಂದ ನನಗೆ ಸಿಕ್ಕ ವಿಶ್ರಾಂತಿ ಎಂದರೆ ಆ ಸಂಜೆಗಳು.

ಆ ವರ್ಷವೇ ನಾನು ಕೆಳಗೆ ಬಿದ್ದು ಗಾಜು ಒಡೆದುಕೊಂಡೆ. ಕಾಗವಾಡದಲ್ಲಿ ರೇಷ್ಮಾ ಎಂಬಾಕೆಯ ರಿಪೇರಿ ಅಂಗಡಿ. ಗಾಜು ಹಾಕಿ, ನನ್ನ ಒಳಗನ್ನೆಲ್ಲ ತಿರುವಿ ನೋಡಿ, ಆಕೆ ಹುಬ್ಬು ಏರಿಸಿದಳು.

"ಕಾಕಾ, ಇದನ್ನ ಯಾರ ಕಟ್ಟಿ ಹಾಕ್ಯಾರ್ರಿ?"

"ಏನ ಕಟ್ಟಿದ್ದವ್ವಾ?"

"ಗಡಿ ಆಚೆ ಟವರ್ ಹಿಡೀದಂಗ ಮಾಡ್ಯಾರ. ಇದನ್ನ ತಗದ್ರ ಮಿರಜಿ, ಮುಂಬೈ ಎಲ್ಲಾ ಕಡಿ ಹತ್ತತೈತಿ. ದಾಟೂ ಮುಂದ ಒಂದ ಸಲ ಕಟ್ ಆಗಬಹುದು. ಮತ್ತ ಹಚ್ಚಿದ್ರ ಆತು."

ಮಲಕಾರಿ ಸ್ಟೂಲಿನ ಮೇಲೆ ಕುಳಿತ. "ಹೋದ ವರ್ಷಾನೂ ಹತ್ತತಿತ್ತಾ?"

"ಯಾವಾಗಿದ್ರೂ ಹತ್ತತಿತ್ತು. ಫೋನಿನ ತಪ್ಪಲ್ರಿ ಇದು."

ಅವನು ಬಹಳ ಹೊತ್ತು ನನ್ನನ್ನು ನೋಡಿದ. ಹೊಸ ಗಾಜಿನಲ್ಲಿ ಅವನ ಮುಖ ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಗಿಡದ ನೆರಳಿನಲ್ಲಿ ನಿಂತ ಗಾಡಿ, ನೀಲಿ ತುಟಿ, ತಾನು ತುಳಿದ ಆಕ್ಸಿಲರೇಟರು, ಇವೆಲ್ಲ ಆ ಮುಖದ ಮೇಲೆ ಹಾದುಹೋದವು.

"ತಗದ ಬಿಡವ್ವಾ," ಎಂದ ಕಡೆಗೆ.

ಅಂದೇ ಗಡಿಕಲ್ಲು ದಾಟಿ, ಹಿಂದಿನ ವರ್ಷ ದನಿ ಹರಿದಿದ್ದ ಜಾಗದಲ್ಲೇ ಗಾಡಿ ನಿಲ್ಲಿಸಿದ. ಹಿಂದಿನ ಟವರು ಹೋಯಿತು. ನಾನು ಮೊದಲ ಸಲ ಆಚೆಯದಕ್ಕೆ ಓಗೊಟ್ಟೆ. ಅದು ಒಂದು ಮಾತೂ ಕೇಳದೆ ನನ್ನನ್ನು ಎತ್ತಿಕೊಂಡಿತು. ಮಲಕಾರಿ ಮನೆಗೆ ಹಚ್ಚಿದ. ಎತ್ತಿದವಳು ಸೋನವ್ವ.

"ಎಲ್ಲಿದ್ದೀಯೋ?"

"ಗಡಿ ದಾಟಿ ನಿಂತೀನಿ, ಅಕ್ಕಾ."

"ಯಾಕ ಸುಳ್ಳ ಹೇಳತಿ? ಗಡಿ ದಾಟಿದ್ರ ನೀ ಸಿಗಾಂವಲ್ಲ."

ಮಲಕಾರಿ ಗಡಿಕಲ್ಲಿನತ್ತ ತಿರುಗಿ ನೋಡಿದ. "ಹೊಸಾ ಟವರ್ ಹಾಕ್ಯಾರ ಅಕ್ಕಾ," ಎಂದ. "ಈಗ ಹಾಕ್ಯಾರ. ಮೊದಲ ಇರಲಿಲ್ಲ."

"ಚಲೋ ಆತ ಬಿಡು," ಎಂದಳು ಸೋನವ್ವ. "ಅವತ್ತ ಇದ್ದಿದ್ರ ಮಾಸ್ತರನ ಅರ್ಥ ಹೇಳತಿದ್ರು."

ಆ ಹೊಸ ಟವರಿನ ಮಾತನ್ನು ಅವಳು ಕಡೆಯ ತನಕ ನಂಬಿದಳು. ಇನ್ನೊಂದು ಶ್ರಾವಣ ಓದಿ, ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಒರಗಿದ ಗೋಡೆಯಿಂದ ಏಳಲಿಲ್ಲ.

ಆಮೇಲೆ ನನಗೆ ಎಲ್ಲ ಗಡಿಗಳೂ ತೆರೆದವು. ಹೊಸತರಲ್ಲಿ ಹಿಗ್ಗಿದ್ದೆ. ಬರಬರುತ್ತ ಬೇಸರವಾಯಿತು. ಮಿರಜಿಯಲ್ಲೂ 'ಎಲ್ಲಿದ್ದೀ, ಎಷ್ಟೊತ್ತಿಗಿ ಬರ್ತಿ' ಎಂಬ ಅದೇ ಕರೆ. ಮಲಕಾರಿಗೆ ಟವೆಲಿನ ಕೆಳಗಿನ ನಿದ್ದೆ ತಪ್ಪಿತು. ನನ್ನ ಬ್ಯಾಟರಿ ಉಬ್ಬಿತು, ಬದಲಾಯಿಸಿದರು. ಕಸ್ತೂರಿಯ ಕೈಗೆ ಬಂದೆ. ನನ್ನ ಮೈಗೆ ಹಿಟ್ಟು ಅಂಟಿತು. ಅವಳಿಗೂ ಹೊಸದು ಬಂದ ದಿನ ನನ್ನ ಸಿಮ್ಮು ತೆಗೆದರು. ಎಸೆಯಲು ಮನಸ್ಸು ಬರದೆ ಇಲ್ಲಿ ತಂದು ಇಟ್ಟರು.

ಈಗ ಶ್ರಾವಣದಲ್ಲಿ ಓದುವವಳು ಕಸ್ತೂರಿ. ಸಮಯ ನೋಡಲೆಂದು ನನ್ನನ್ನು ಚಾರ್ಜು ಮಾಡಿ ಪುಸ್ತಕದ ಪಕ್ಕ ನಿಲ್ಲಿಸುತ್ತಾಳೆ. ಸಿಮ್ಮಿಲ್ಲದ ನನ್ನ ಮುಖದ ಮೇಲೆ ಮತ್ತೆ ಅದೇ ಬರಹ: ತುರ್ತು ಕರೆಗಳು ಮಾತ್ರ. ಹಿಂದೆ ಅದನ್ನು ಶಿಕ್ಷೆ ಎಂದುಕೊಂಡಿದ್ದೆ. ಈಗ ಹಾಗನಿಸುವುದಿಲ್ಲ. ನಾನು ಯಾವ ಟವರಿನವನೂ ಅಲ್ಲ. ಆದರೂ ಯಾರಿಗಾದರೂ ಜೀವದ ಮೇಲೆ ಬಂದು ಕರೆ ಹಚ್ಚಿದರೆ ಯಾರ ಟವರಾದರೂ ನನ್ನನ್ನು ಎತ್ತಿಕೊಳ್ಳುತ್ತದೆ. ಅಷ್ಟು ಗೊತ್ತಿದ್ದರೆ ಮಲಗಬಹುದು.

ನಿನ್ನೆಯ ಸಂಜೆ ಕಸ್ತೂರಿ ತಡವರಿಸುತ್ತ ಆ ನುಡಿಯನ್ನೇ ಓದಿದಳು, ಎರಡು ದಂಡೆಯ ಬಿಟ್ಟ ನಡುನೀರ ಹೊತ್ತಿನದು. ಎದುರಿನ ಮಣೆ ಖಾಲಿ ಇತ್ತು. ಅವಳು ಪುಟದ ಮೇಲೆ ಬೆರಳಿಟ್ಟು ಕಾದಳು. ಮಂದಿ ಕಾದರು. ಹೊರಗೆ ಗಾಡಿ ನಿಂತ ಸಪ್ಪಳವಾಯಿತು. ಕಾಲು ತೊಳೆಯುವ ನೀರಿನ ಸಪ್ಪಳವಾಯಿತು. ಆಮೇಲೆ ಬಾಗಿಲಿನಿಂದಲೇ, ಅರ್ಥ ಹೇಳುವವರು ಕೆಮ್ಮುವ ಹಾಗೆ, ಒಂದು ಕೆಮ್ಮು ಕೇಳಿಸಿತು.